ಏನೋ ದಾಟಿತು

ಇಪ್ಪತ್ತೆರಡು ವರ್ಷ ಈ ದಾರಿಗೆ ಬೆನ್ನು ಕೊಟ್ಟು ನಿಂತವಳು ನಾನು.
ಬಾಗಲಕೋಟೆಯಿಂದ ವಿಜಯಪುರ, ಮತ್ತೆ ವಿಜಯಪುರದಿಂದ ಬಾಗಲಕೋಟೆ,
ಮುಖ ಯಾವತ್ತೂ ಮಂದಿಯ ಕಡೆ:
ಚಿಲ್ಲರೆ, ಅರ್ಧ ಟಿಕೆಟ್ಟಿನ ವಾದ,
ಬುಟ್ಟಿಯೊಳಗಿನ ಕೋಳಿಗೆ ಲಗೇಜು ಹರಿಯಬೇಕೋ ಬೇಡವೋ.
ಕಿಟಕಿಯಾಚೆ ಏನಿದೆ ಎಂದು ಯಾರಾದರೂ ಕೇಳಿದ್ದರೆ
ಸ್ಟಾಪಿನ ಹೆಸರು ಹೇಳುತ್ತಿದ್ದೆ:
ಗದ್ದನಕೇರಿ ಕ್ರಾಸು, ಅನಗವಾಡಿ, ಕೊರ್ತಿ, ಕೊಲ್ಹಾರ.

ಮುಂದೆ ನೋಡಿದವನು ದಸ್ತಗೀರಣ್ಣ.
ಕಡೇ ಗಾಡಿಯಲ್ಲಿ ಒಮ್ಮೊಮ್ಮೆ ಬ್ರೇಕಿನ ಮೇಲೆ ಕಾಲಿಡುವನು.
ನಿದ್ದೆಯ ತಲೆಗಳೆಲ್ಲ ಮುಂದಿನ ಸೀಟಿಗೆ.
"ಯಾಕೋ ಸಾಬಾ, ಹೊಸದಾಗಿ ಕಲ್ತೀಯೇನು?"
ಅವನದು ಒಂದೇ ಉತ್ತರ: "ಏನೋ ದಾಟಿತು."
ನಾನು ತಿರುಗುವುದರೊಳಗೆ
ಬರೀ ಡಾಂಬರು, ದೀಪದ ಬೆಳಕು,
ಅದರಲ್ಲಿ ತೇಲುವ ಧೂಳು.
ತೂಕಡಿಸುತ್ತಾನೆ ಎಂದುಕೊಂಡಿದ್ದೆ.
ಡಿಪೋದಲ್ಲಿ ಒಬ್ಬಿಬ್ಬರಿಗೆ ಹೇಳಿಯೂ ಇದ್ದೆ.

ಈಗ ಸ್ಟೇರಿಂಗಿನ ಹಿಂದೆ ನಾನು,
ಅರವತ್ತೊಂದಕ್ಕೆ ಕಲಿತವಳು, ಮೂರನೇ ಗೇರಿಗೆ ಹೆದರುವವಳು.
ಪಕ್ಕದಲ್ಲಿ ಅವನು.
ಪೊರೆ ತೆಗೆಸಿದ ಕಣ್ಣಿಗೆ ಹಸಿರು ಪಟ್ಟಿ,
ಇನ್ನೊಂದು ಕಣ್ಣಿಗೆ ಲೋಕವೆಲ್ಲ ಹಾಲು.
ನಾಳೆ ಮುಂಜಾನೆ ವಿಜಯಪುರದ ಡಾಕ್ಟರಿಗೆ ತೋರಿಸಬೇಕು.
ಎರಡು ತಾಸಿನ ದಾರಿಗೆ ಮಧ್ಯಾಹ್ನವೇ ಹೊರಡಿಸಿದ್ದಾನೆ.
ಯಾಕೆಂದರೆ, "ನಡಿ ನೀ, ತೋರಿಸ್ತೀನಿ."

ಗಾಲಿಯ ದನಿ ಬದಲಾದರೆ ಘಟಪ್ರಭೆಯ ಸೇತುವೆ.
ಮೋರಿಗಳನ್ನು ತೊಡೆಯ ಮೇಲೆ ಬೆರಳಿಂದ ಎಣಿಸುತ್ತಾನೆ.
"ಇಲ್ಲಿ. ಎಡಕ್ಕ ನಿಂದರ್ಸು. ಎಂಜಿನ್ ಬಂದ್ ಮಾಡು."
ಗರಸು ನೆಲ, ಕುರುಚಲು ಜಾಲಿ, ಬಿಸಿಲು.
ಏನೂ ಇಲ್ಲ ಅಣ್ಣಾ, ಬರೀ ಕಲ್ಲು.
"ನೋಡು."
ಬಹಳ ಹೊತ್ತಿನ ಮೇಲೆ
ಒಂದು ಕಲ್ಲಿಗೆ ಕಿವಿ ಇತ್ತು.
ಅದರ ಬದಿಯ ಕಲ್ಲು ತಿರುಗಿ ನೋಡಿತು.
"ಚಿಂಕಾರ. ಬಾಲ ಕಪ್ಪಗ ಅಲುಗ್ತಾವೇನು?"
ಅಲುಗ್ತಾವು.
"ಎಷ್ಟು?"
ಹಳೆಯ ರೂಢಿ, ಬಾಯಿಗೆ ಬಂದದ್ದು ಹಾಗೇ:
ಮೂರು ಫುಲ್ಲು, ಒಂದು ಹಾಫು.
ಅವನು ನಕ್ಕ ಸದ್ದಿಗೇ ನಾಲ್ಕೂ ಮತ್ತೆ ಕಲ್ಲಾದವು, ಆಮೇಲೆ ಗಾಳಿಯಾದವು.

ಕೃಷ್ಣೆಯ ಸೇತುವೆಯ ಈಚೆ ಇಳಿದು ನಿಂತೆವು.
ಹಿನ್ನೀರಿನ ದಂಡೆಗೆ ಯಾರೋ ಧೋತರ ಒಣಹಾಕಿದ್ದಾರೆ
ಸಾಲಾಗಿ, ಅರ್ಧ ಮೈಲಿ.
ಇಷ್ಟು ಧೋತರ ಯಾವ ಊರಿನವು ಎಂದು ಕೇಳುವಷ್ಟರಲ್ಲಿ
ಧೋತರಗಳೆಲ್ಲ ಒಮ್ಮೆಲೇ ಎದ್ದವು.
ಅಡಿಯಲ್ಲಿ ಕೆಂಪು,
ಇಳಕಲ್ಲ ಸೀರೆಯ ಸೆರಗಿನ ಅದೇ ಕೆಂಪು
ನೀರಿನ ಮೇಲೆಲ್ಲ ಬಿಚ್ಚಿತು, ಮಡಚಿತು, ಬಿಚ್ಚಿತು.
ದಸ್ತಗೀರಣ್ಣ ಆ ಕಡೆ ಕಿವಿ ಕೊಟ್ಟು,
"ರಾಜಹಂಸ. ಕಡಲೆ ಹೊಲದಾಗ ಬಾತೂ ಕೂತಾವ, ಕೇಳು" ಎಂದ.
ಎಷ್ಟು ಸಾವಿರ ಸಲ ದಾಟಿದ್ದೆ ಈ ಸೇತುವೆ,
ಕೈಯಲ್ಲಿ ಐವತ್ತರ ನೋಟು ಹಿಡಿದು
ಯಾರದೋ ಬಾಕಿ ಎಣಿಸುತ್ತ!

ಕೊಲ್ಹಾರದಲ್ಲಿ ಮೊಸರಿನ ಗಡಿಗೆ ಕೊಂಡೆ.
ಮಾರುವವಳು ಬೋರಲು ಹಿಡಿದು ತೋರಿಸಿದಳು, ಬೀಳಲಿಲ್ಲ.
ಹಿಂದಿನ ಸೀಟಿನಲ್ಲಿ ಅವನ ಟವೆಲ್ಲು ಸುತ್ತಿ ಇಟ್ಟೆವು.
ಡಿಪೋದಲ್ಲಿ ಆಡಿದ ಮಾತು ಈಗಲಾದರೂ ಹೇಳಿಬಿಡಬೇಕು ಅನಿಸಿತು.
ಬಿಳಿಜೋಳದ ಎರೆಹೊಲಗಳ ನಡುವೆ
ದಾರಿ ಹಿಡಿದ ನೂಲಿನ ಹಾಗೆ ಬಡಗಕ್ಕೆ.
ಹೊತ್ತು ಮುಳುಗಿತು. ದೀಪ ಹಾಕಿದೆ.
"ಅಣ್ಣಾ," ಎಂದೆ, "ಒಂದು ಮಾತು..."

ಕಾಲು ತಾನೇ ಬ್ರೇಕಿಗೆ ಹೋಯಿತು.

ನಾಯಿಯಲ್ಲ.
ನಾಯಿ ಗಾಡಿಯನ್ನು ನೋಡುತ್ತದೆ,
ಇದು ನನ್ನನ್ನು ನೋಡಿತು.
ಬೂದಿ ಮೈ, ಉದ್ದ ಕಾಲು, ಅವಸರವಿಲ್ಲ.
ಬೆಳಕನ್ನು ಅಡ್ಡಲಾಗಿ ಕೊಯ್ದು
ಜೋಳದ ಒಳಗೆ ಇಳಿಯಿತು. ಒಂದು ತೆನೆ ಅಲುಗಲಿಲ್ಲ.

ಗಡಿಗೆ ಉರುಳಿದ ಸದ್ದು.
"ಏನದು ನೀಲವ್ವಾ?"
ತೋಳ ಎಂಬ ಎರಡಕ್ಷರ
ಗಂಟಲಲ್ಲಿತ್ತು, ಬಾಯಿಗೆ ಬರಲಿಲ್ಲ.
"ಏನೋ ದಾಟಿತು" ಎಂದೆ.

ಅವನು ತಲೆಯಾಡಿಸಿದ,
ಟಿಕೆಟ್ಟು ಸರಿಯಿದೆ ಎಂಬ ಹಾಗೆ.
"ಬದಿಗೆ ತಗೋ. ದೀಪ ಆರಿಸು.
ಹಿಂದ ಇನ್ನೊಂದು ಇರ್ತದ."