ಚಿಟಿಕೆ ಕಬ್ಬಿಣ

ಬೆಲ್ಟು, ಬೀಗದ ಕೈ, ಮೊಳೆ ಹೊಡೆದ ಚಪ್ಪಲಿ
ಹೊರಗಿಡಿಸಿ ಚಮನ್‌ಸಾಬರನ್ನು ಮಲಗಿಸಿದೆ.
ಪಿ.ಬಿ. ರಸ್ತೆಯಲ್ಲಿ ಲಾರಿ ಹಾಯ್ದಾಗೆಲ್ಲ
ಪರದೆಯ ಗೆರೆ ಬೆಚ್ಚುತ್ತಿತ್ತು.
ರಾತ್ರಿ ಎರಡಕ್ಕೆ ದಾವಣಗೆರೆ ಸುಮ್ಮನಾಯಿತು.

ಮುಟ್ಟದೆಯೇ ಹೇಳಿತು ಸೆನ್ಸರು:
ಮೂವತ್ತೆಂಟು ವರ್ಷದ ವೆಲ್ಡಿಂಗ್ ಹೊಗೆ,
ಎದೆಯೊಳಗೆ ಚಿಟಿಕೆ ಕಬ್ಬಿಣ.

"ಯಾವುದ್ರದ್ದು ನೋಡ್ರಿ ಮೇಡಂ,
ನಿಟ್ಟುವಳ್ಳಿ ಗೇಟಿಂದೋ,
ಹೊಂಡದ ಸರ್ಕಲ್ ಶೆಟರ್ದೋ?
ಅದ್ರ ಬಾಕಿ ಇನ್ನೂ ಬಂದಿಲ್ಲ."

ಅಯಸ್ಕಾಂತ ಹಿಡಿದ ಗಳಿಗೆ
ಕಣಕಣವೂ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿತು.
ಇನ್ನು ಕಾಯಬೇಕು.
ಒಳಗಿನ ಜೀವಕೋಶಗಳು ಮಿಸುಕಾಡಿ
ಆ ದಿಕ್ಕನ್ನು ಕದಡಿದರೆ
ಎದೆಯಲ್ಲಿ ಇನ್ನೂ ಕಸುವಿದೆ ಎಂದರ್ಥ.

ಗೆರೆ ಇಳಿಯುತ್ತಿದೆ, ಬಲು ನಿಧಾನ.
ಸಾಬರಿಗೆ ಜೋಂಪು.
ನಾನು ಪರದೆಗೆ ಪಿಸುಗುಡುತ್ತಿದ್ದೇನೆ:
ಮರೆ, ಮಾರಾಯ,
ಮರೆತುಬಿಡು.