ಓಗೊಡುವುದು

ಲೌತ್ ಪೇಟೆಯ ಔಷಧಿ ಅಂಗಡಿಯ ಮೇಲಂತಸ್ತು,
ಬುಧವಾರ, ಹತ್ತೂವರೆ.
ಹೆಡ್ಲಿ ಡೌಸ್, ವಯಸ್ಸು ತೊಂಬತ್ತೆರಡು,
ಟೋಪಿಯನ್ನು ತೊಡೆಯ ಮೇಲಿಟ್ಟು ಕೂತಿದ್ದಾರೆ
ಸದ್ದು ನುಗ್ಗದ ನನ್ನ ಪೆಟ್ಟಿಗೆಯೊಳಗೆ.

ಕಿವಿಗೆ ಹೆಡ್‌ಫೋನ್ ಇಟ್ಟೆ: ಎಡಕ್ಕೆ ನೀಲಿ, ಬಲಕ್ಕೆ ಕೆಂಪು.
ಕೈಗೊಂದು ಗುಂಡಿ ಕೊಟ್ಟು
ದಿನಕ್ಕೆ ಹತ್ತು ಸಲ ಹೇಳುವುದನ್ನೇ ಹೇಳಿದೆ:
ಸದ್ದು ಕೇಳಿದರೆ ಒತ್ತಿ, ಎಷ್ಟೇ ಸಣ್ಣದಿರಲಿ.
ಕೇಳದಿದ್ದರೆ ಸುಮ್ಮನಿರಿ.

ಅವರು ಒತ್ತಿದರು.
ನಾನಿನ್ನೂ ಏನನ್ನೂ ಕಳಿಸಿರಲಿಲ್ಲ.
ಮತ್ತೆ ಒತ್ತಿದರು. ಗಾಜಿನ ಈಚೆ ನನ್ನ ಪುಟ್ಟ ದೀಪ
ಹತ್ತಿತು, ಆರಿತು, ಹತ್ತಿತು.

ಬಾಗಿಲು ತೆರೆದು ಕೇಳಿದೆ: ಏನು ಕೇಳಿಸಿತು?
ಏನೂ ಇಲ್ಲ, ಅಂದರು. ಅದಕ್ಕೇ ಒತ್ತಿದೆ.

ಲ್ಯಾಂಕಾಸ್ಟರಿನ ಬಾಲದಲ್ಲಿ ನನ್ನ ಜಾಗ.
ಬಂದೂಕು ನಾಲ್ಕು, ನಡುವೆ ನಾನು,
ಕಣ್ಣೆದುರಿನ ಗಾಜನ್ನು ನಾವೇ ಕಿತ್ತು ಹಾಕಿದ್ದೆವು,
ಅದರ ಮೇಲಿನ ಕೊಳೆಯ ಚುಕ್ಕೆಯೂ
ಶತ್ರುವಿನ ವಿಮಾನದಂತೆ ಕಾಣುತ್ತಿತ್ತಲ್ಲ.
ಮೈನಸ್ ನಲವತ್ತು. ಮೈಗೆ ವಿದ್ಯುತ್ತಿನ ಅಂಗಿ,
ಎಡಗಾಲು ಸುಡುತ್ತಿತ್ತು, ಬಲಗಾಲು ಇದೆಯೋ ಇಲ್ಲವೋ.
ಮುಂದಿನವರು ಹೋಗುವ ಊರು ನೋಡುತ್ತಿದ್ದರು,
ನಾನು ಬಿಟ್ಟುಬಂದದ್ದನ್ನ.
ಉರಿಯುವುದೆಲ್ಲ ನನಗೆ ಕಂಡದ್ದು
ಚಿಕ್ಕದಾಗುತ್ತಾ, ಚಿಕ್ಕದಾಗುತ್ತಾ.

ಹತ್ತು ನಿಮಿಷಕ್ಕೊಮ್ಮೆ ತಂತಿಯಲ್ಲಿ ಸ್ಕಿಪ್ಪರ್:
ಬಾಲ, ಇದ್ದೀಯಾ?
ಇದ್ದೀನಿ, ಸ್ಕಿಪ್ಪರ್.

ಆ ರಾತ್ರಿ ತಂತಿಯ ಪ್ಲಗ್ಗು ಸಡಿಲಾಗಿತ್ತು. ನನಗೆ ಗೊತ್ತಿರಲಿಲ್ಲ.
ಇವತ್ತು ಯಾರೂ ಮಾತಾಡುತ್ತಿಲ್ಲ,
ಒಳ್ಳೆಯದೇ ಆಯಿತು ಅಂದುಕೊಂಡೆ.
ಮೂರು ಸಲ ಕರೆದರಂತೆ.
ಆಮೇಲೆ ಆಸಿ ಪಿಂಚ್‌ಬೆಕ್‌ನನ್ನು ಕಳಿಸಿದರು,
ವೈರ್‌ಲೆಸ್ಸಿನವನು, ಸ್ಪಾಲ್ಡಿಂಗಿನ ಬೇಕರಿಯ ಹುಡುಗ,
ಎದೆಗೆ ಕಟ್ಟಿದ ಬಾಟಲಿಯಲ್ಲಿ ಹತ್ತು ನಿಮಿಷದ ಉಸಿರು.
ಕತ್ತಲಲ್ಲಿ ತೆವಳಿಕೊಂಡು ಬಂದಿದ್ದ.
ನನ್ನ ಬಾಗಿಲಿನವರೆಗೂ ಬಂದಿದ್ದ.
ತಟ್ಟಿದ್ದನೇನೋ, ಅಷ್ಟು ದಪ್ಪ ಕೈಗವಸಿನಲ್ಲಿ.
ನನ್ನ ಕೆಲಸ ಹೊರಗೆ ನೋಡುವುದು. ನಾನು ಹೊರಗೆ ನೋಡುತ್ತಿದ್ದೆ.
ಇನ್ನೊಬ್ಬ ಹುಡುಕಿಕೊಂಡು ಬರುವಷ್ಟರಲ್ಲಿ
ಬಾಟಲಿ ಮುಗಿದಿತ್ತು.

ಬೆಳಿಗ್ಗೆ, ವಾಪಸು ಬಂದವರಿಗೆಲ್ಲ ತಲೆಗೊಂದು ಮೊಟ್ಟೆ.
ಆಸಿಯದನ್ನು ನಾನೇ ತಿಂದೆ.
ಹಸಿವಾಗಿತ್ತು, ಅಂದರು,
ಟೋಪಿಯ ಅಂಚನ್ನು ಒಂದು ಸುತ್ತು ಸವರಿ.

ಕೊಟ್ಟೂರಿನ ನನ್ನಜ್ಜಿ ಹೇಳುತ್ತಿದ್ದಳು:
ರಾತ್ರಿ ಹೆಸರು ಹಿಡಿದು ಕರೆದರೆ ತಟ್ಟನೆ ಓಗೊಡಬೇಡ.
ಮೊದಲನೇ ಕೂಗು ಗಾಳಿಯದಿರಬಹುದು,
ಎರಡನೆಯದು ಇನ್ನೇನದೋ.
ಮೂರನೆಯದಕ್ಕೆ ಓ ಅನ್ನು.
ಮೂರು ಸಲ ಕರೆಯುವುದು ಮನುಷ್ಯರು ಮಾತ್ರ.
ಮೂರನೆಯದೂ ಕೇಳಿಸದವರ ಗತಿ ಏನೆಂದು
ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.
ಇದನ್ನು ಡೌಸ್ ಅವರಿಗೆ ಹೇಳಹೊರಟು ಬಿಟ್ಟೆ.
ಇಂಗ್ಲಿಷಿನಲ್ಲಿ ಓ ಅಂದರೆ ಬರೀ ಅಚ್ಚರಿ.

ಮತ್ತೆ ಶುರು ಮಾಡಿದೆವು.
ಬಲಗಿವಿ, ನಾಲ್ಕು ಸಾವಿರ ಹರ್ಟ್ಸ್:
ಅಲ್ಲಿ ಅವರಿಗೆ ಎಪ್ಪತ್ತು ವರ್ಷದಿಂದ ಏನೂ ಇಲ್ಲ,
ಎಂಜಿನ್ನುಗಳು ಉಳಿಸಿಲ್ಲ.
ಕಳಿಸಿದೆ. ದೀಪ ಹತ್ತಿತು.
ಕಳಿಸಲಿಲ್ಲ. ದೀಪ ಹತ್ತಿತು.
ವರದಿಯಲ್ಲೊಂದು ಕಾಲಂ ಇದೆ, ಸುಳ್ಳು ಉತ್ತರಗಳು.
ಹನ್ನೊಂದು ಎಂದು ಬರೆದು,
ಪೆನ್ನನ್ನು ಅಲ್ಲೇ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದೆ.

ಹೋಗುವಾಗ ಚೀಲದಿಂದ ರಟ್ಟಿನ ಡಬ್ಬಿ ತೆಗೆದು
ಮೇಜಿನ ಮೇಲಿಟ್ಟರು. ಆರು ಮೊಟ್ಟೆ.
ನಮ್ಮ ರನ್‌ವೇ ಮೇಲೆ ಈಗ ಕೋಳಿ ಶೆಡ್ಡುಗಳು,
ಚಳಿಗಾಲ ಬಂದರೆ ಕತ್ತಲಾದ ಮೇಲೂ
ದೀಪ ಹಚ್ಚಿಟ್ಟಿರುತ್ತಾರೆ, ಅಂದರು,
ಹಗಲು ಇನ್ನೂ ಮುಗಿದಿಲ್ಲವೆಂದು
ಕೋಳಿಗಳು ನಂಬಿಕೊಂಡಿರಲಿ ಅಂತ.