ಬೈ ದ ವೇ

ಹಂಪನಕಟ್ಟೆಯ ಕನ್ನಡಕದಂಗಡಿಯ ಮೇಲೆ
ಸಂಜೆ ಆರರ ಕ್ಲಾಸು. ಲವೀನಾ ಮಿಸ್ಸು
ಬೋರ್ಡಿನಲ್ಲಿ ಬರೆದರು:
ಬೈ ದ ವೇ. ಎನಿವೇ. ಸ್ಪೀಕಿಂಗ್ ಆಫ್ ದಟ್.
ಮಾತನ್ನು ತಟ್ಟನೆ ತಿರುಗಿಸಬಾರದು,
ನಮ್ಮ ಸಿಟಿ ಬಸ್ಸಿನ ಹಾಗೆ. ತಿರುವಿಗೆ ಮೊದಲೇ
ಕೈ ತೋರಿಸಬೇಕು, ಅಂದರು.

ಜೋಡಿ ಅಭ್ಯಾಸ. ನನಗೆ ಸಿಕ್ಕವಳು ಶಮೀನಾ,
ಕಂಕನಾಡಿಯ ಲ್ಯಾಬಿನವಳು. ಹವೆಯಿಂದ ಶುರು:
ಸೆಕೆ, ಬೆವರು, ಕರೆಂಟು. ಆಮೇಲೆ,
ಪಾಪ, ಅವಳಿಗೇನು ಗೊತ್ತು,
ನಿನ್ನ ಮದುವೆ ಮೇ ತಿಂಗಳಲ್ಲವಾ? ಅಂತ
ಒಂದೂ ತಪ್ಪಿಲ್ಲದ ಇಂಗ್ಲಿಷಿನಲ್ಲಿ.

ಬೈ ದ ವೇ, ಅಂದೆ ನಾನು,
ಸುರತ್ಕಲ್ಲಿಗೆ ಕೊನೆಯ ಬಸ್ಸು ಎಷ್ಟಕ್ಕೆ?

ಹತ್ತಕ್ಕೆ ಹತ್ತು. ಮಿಸ್ಸು ಎಲ್ಲರಿಂದ ಚಪ್ಪಾಳೆ ಹೊಡೆಸಿದರು.
ಮೆಟ್ಟಿಲಲ್ಲಿ ಚಪ್ಪಲಿ ಹುಡುಕುವಾಗ ಶಮೀನಾ
ಏನೂ ಕೇಳಲಿಲ್ಲ. ಚುರುಮುರಿಯ ಪೊಟ್ಟಣ
ನನ್ನ ಕಡೆ ಬಾಗಿಸಿದಳು.

ಮನೆಗೆ ಬಂದರೆ, ಕಂಪೌಂಡಿನಾಚೆ ಸುಗುಣಕ್ಕ:
ಹಾಲಿಗೆ ಕಟ್ಟಿದ ದುಡ್ಡು ವಾಪಸು ಕೊಟ್ಟರಾ?
ಅಮ್ಮನಿಗೆ ಎನಿವೇ ಗೊತ್ತಿಲ್ಲ,
ಕೈ ತೋರಿಸುವ ಅಭ್ಯಾಸವೂ ಇಲ್ಲ.
ಬಂಗುಡೆ ಹೇಗೆ ಸಿಕ್ಕಿತು ಮಾರಾಯ್ತಿ?

ನೂರಕ್ಕೆ ಆರು.

ಐಸಿನದ್ದಿರಬೇಕು, ಅಂದೆ ನಾನೂ,
ಚಪ್ಪಲಿ ಬಿಡುತ್ತ.